ಹಪ್ಪಳಕ್ಕೆ ಉಳಿಯದ ಬಿಸಿಲು

ನನಗೆ ಊರು ಸುಧಾರಿಸುವ ಚಟವೊಂದಿದೆ. ಸ್ವಂತ ಮನೆಯ ನಲ್ಲಿ ಸೋರುತ್ತಿದ್ದರೆ ಕೆಳಗೊಂದು ಬಕೆಟ್ ಇಟ್ಟು ವಾರಗಟ್ಟಲೆ ಸುಮ್ಮನಿರುತ್ತೇನೆ. ಬೀದಿಯ ವಿಷಯ ಬಂದರೆ ಮಾತ್ರ ಮೊದಲು ಕೈಯೆತ್ತುವವನು ನಾನೇ. ನಿವೃತ್ತನಾದ ಮೇಲಂತೂ ಇದು ವಿಪರೀತವಾಗಿದೆ. ಹಾಗಾಗಿ ಶಕ್ತಿನಗರದ ನಮ್ಮ ಬೀದಿಯವರೆಲ್ಲ ಸೋಲಾರ್ ಹಾಕಿಸಿ ಕರೆಂಟಿನ ಖರ್ಚು ಇಳಿಸುವುದೆಂದು ತೀರ್ಮಾನವಾದಾಗ, ಅದರ ಸಮಿತಿಗೆ ಕಾರ್ಯದರ್ಶಿ ಯಾರೆಂಬ ಪ್ರಶ್ನೆಯೇ ಏಳಲಿಲ್ಲ. ಎಲ್ಲರಿಗೂ ಮಾದರಿಯಾಗಲೆಂದು ನಮ್ಮ ಟೆರೇಸಿನ ತುಂಬ ಪ್ಯಾನೆಲ್ ಹಾಕಿಸಿದೆ. ಪಕ್ಕದ ಮನೆಯ ಸುಮತಿ ಮಾತ್ರ, ಮೀನಿನ ಬೋಟಿಗೆ ಹೋದ ಗಂಡ ಬರಲಿ, ಕೇಳಿ ಹೇಳ್ತೇನೆ ಅಣ್ಣ ಎಂದು ಜಾರಿಕೊಂಡಳು.

ಏಪ್ರಿಲ್ ಬಂತು. ಎಂಬತ್ತು ದಾಟಿದ ನನ್ನ ಅಮ್ಮ ಹಲಸಿನಕಾಯಿ ಹಪ್ಪಳ ಒತ್ತಿ, ಚಾಪೆ ಬಗಲಿಗಿಟ್ಟುಕೊಂಡು ಟೆರೇಸಿಗೆ ಹೋದವಳು ಹಾಗೆಯೇ ಇಳಿದು ಬಂದಳು. ಒಂದು ಚಾಪೆಯಗಲದ ಬಿಸಿಲೂ ಅಲ್ಲಿ ಉಳಿದಿರಲಿಲ್ಲ. ನನಗೆ ಚುರುಕ್ ಎಂದಿತು. ಚಿಕ್ಕವನಿದ್ದಾಗ ರಜೆಯ ಮಧ್ಯಾಹ್ನಗಳೆಲ್ಲ ಹಪ್ಪಳ ಕಾಯುವುದರಲ್ಲೇ ಕಳೆಯುತ್ತಿದ್ದವು. ಕೊಡೆ ಬಿಚ್ಚಿಟ್ಟು ಅಮ್ಮನ ಪಕ್ಕ ಕೂತರೆ ಅವಳ ಬಾಯಿಂದ ಇಡೀ ಕುಟುಂಬದ ಜಗಳಗಳೆಲ್ಲ ಒಂದೊಂದಾಗಿ ಹೊರಬರುತ್ತಿದ್ದವು. ಅರೆಬರೆ ಒಣಗಿದ ಹಪ್ಪಳವನ್ನು ಕಾಗೆಗಿಂತ ಹೆಚ್ಚು ತಿಂದವನು ನಾನು. ಆ ರುಚಿ ಕರಿದದ್ದಕ್ಕೆ ಎಲ್ಲಿಂದ ಬರಬೇಕು?

ಮರುದಿನ ಮೊಬೈಲಿನ ಸೋಲಾರ್ ಆ್ಯಪಿನಲ್ಲಿ ನೋಡುತ್ತೇನೆ, ಸುಡುಬಿಸಿಲಿನಲ್ಲೂ ಕರೆಂಟು ಅರ್ಧಕ್ಕಿಳಿದಿದೆ. ಗಾಬರಿಯಾಗಿ ಮೆಕ್ಯಾನಿಕ್‌ನನ್ನು ಕರೆಸಿದೆ. ಮೇಲೆ ಹೋದವನು ನಗು ತಡೆಯಲಾಗದೆ ನನ್ನನ್ನೂ ಕರೆದ. ಕೈಗೆಟಕುವ ಪ್ಯಾನೆಲ್‌ಗಳ ಮೇಲೆಲ್ಲ ಹಳೆಯ ಸೀರೆ ಹಾಸಿ ಅಮ್ಮ ಸಾಲಾಗಿ ಹಪ್ಪಳ ಹರಡಿದ್ದಳು. ಗಾಜು ಚೆನ್ನಾಗಿ ಕಾಯುತ್ತದೆ, ಬೇಗ ಒಣಗುತ್ತದೆ ಎಂಬುದು ಅವಳ ಲೆಕ್ಕಾಚಾರ. ತಪ್ಪೆಂದು ಹೇಳಲು ನನ್ನಲ್ಲಿ ವಿಜ್ಞಾನವೇನೂ ಇರಲಿಲ್ಲ.

ಆದರೂ ಕಾರ್ಯದರ್ಶಿಯ ಮರ್ಯಾದೆ ಉಳಿಯಬೇಕಲ್ಲ. ಕಂಕನಾಡಿ ಪೇಟೆಗೆ ಹೋಗಿ ಹಪ್ಪಳ, ಸಂಡಿಗೆ ಒಣಗಿಸುವ ಕರೆಂಟಿನ ಪೆಟ್ಟಿಗೆಯೊಂದನ್ನು ತಂದೆ. ನಮ್ಮದೇ ಸೋಲಾರ್ ಕರೆಂಟಿನಲ್ಲಿ ಅದು ನಡೆಯುವ ಬಗೆಯನ್ನು ಸಭೆಯಲ್ಲಿ ವಿವರಿಸುವ ಧಾಟಿಯಲ್ಲೇ ಅಮ್ಮನಿಗೂ ವಿವರಿಸಿದೆ. ಅವಳು ಕೊನೆಯವರೆಗೂ ತಾಳ್ಮೆಯಿಂದ ಕೇಳಿದಳು.

“ಬಿಸಿಲಿನಿಂದ ಕರೆಂಟು ಮಾಡುವುದು, ಆ ಕರೆಂಟಿನಿಂದ ಪುನಃ ಬಿಸಿಲು ಮಾಡುವುದು. ನಡುವಿನಲ್ಲಿ ನಿನಗೆ ಎಂತ ಕೆಲಸ ಮಾರಾಯ?”

ಮರುದಿನದಿಂದ ಅಮ್ಮ ಚಾಪೆ ಎತ್ತಿಕೊಂಡು ಸುಮತಿಯ ಟೆರೇಸಿಗೆ ಹೊರಟಳು. ಅಲ್ಲಿ ಒಂದು ಕಡೆ ಸುಮತಿಯ ಒಣಮೀನು, ಇನ್ನೊಂದು ಕಡೆ ನಮ್ಮ ಹಪ್ಪಳ, ನಡುವೆ ಇವರಿಬ್ಬರ ನಗು. ಹೆಂಡತಿ ರಜೆಯಲ್ಲೂ ಶಾಲೆಯ ವಿಶೇಷ ತರಗತಿಗಳಿಗೆ ಪಾಠ ಮಾಡಲು ಹೋದರೆ ಬರುವುದು ಸಂಜೆಗೇ. ಮಧ್ಯಾಹ್ನ ನಾನೊಬ್ಬನೇ ಫ್ಯಾನಿನ ಕೆಳಗೆ ಕೂತು, ಗೋಡೆಯಾಚೆಯ ಆ ನಗು ಕೇಳಿಸಿಕೊಳ್ಳುತ್ತಿದ್ದೆ. ಮನೆ ಬಿಕೋ ಎನ್ನುತ್ತಿತ್ತು. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚೂ ಆಯಿತು. ಅಮ್ಮನಿಗೆ ಇನ್ನೆಷ್ಟು ಏಪ್ರಿಲ್‌ಗಳು ಉಳಿದಿವೆಯೋ, ಅವನ್ನು ಪಕ್ಕದ ಮನೆಗೆ ಬಿಟ್ಟುಕೊಡುವುದೇ?

ಮತ್ತೆ ಮೆಕ್ಯಾನಿಕ್‌ನನ್ನು ಕರೆಸಿ ಎರಡು ಪ್ಯಾನೆಲ್ ತೆಗೆಸಿದೆ. ಎಲ್ಲರೂ ಇನ್ನೆರಡು ಹಾಕಿ ಅನ್ನುತ್ತಾರೆ, ತೆಗೆಸಿದವರು ನೀವೇ ಮೊದಲು ಎಂದ ಅವನು. ಅಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಖಾಲಿಯಾದ ಜಾಗ ತೋರಿಸಿದೆ. ಅವಳು ಸುತ್ತ ಒಮ್ಮೆ ನೋಡಿದಳು.

“ಒಳ್ಳೆದಾಯ್ತು ಮಗಾ. ಆದರೆ ಅಲ್ಲಿ ಮಾತಾಡ್ಲಿಕ್ಕೆ ಜನ ಉಂಟು. ಇಲ್ಲಿ ಬಿಸಿಲು ಮಾತ್ರ ಉಂಟು.”

ಅಷ್ಟು ಹೇಳಿ ಇಳಿದು ಹೋದಳು. ಅವಳ ಹಿಂದೆಯೇ ಇಳಿದೆ. ಆಮೇಲೆ ಫ್ಯಾನು ಆರಿಸಿ, ಬಾಗಿಲಿಗೆ ಬೀಗ ಹಾಕಿ, ನಾನೂ ಸುಮತಿಯ ಟೆರೇಸಿಗೆ ಹೋದೆ. ಈಗ ದಿನಾ ಹೋಗುತ್ತೇನೆ.

ಕಳೆದ ಸಭೆಯಲ್ಲಿ ಎಲ್ಲರ ಮನೆಯ ಯೂನಿಟ್‌ಗಳನ್ನು ಓದಿದರು. ಬೀದಿಯಲ್ಲಿ ಅತಿ ಕಡಿಮೆ ಕರೆಂಟು ಬಳಸಿದ ಮನೆ ನಮ್ಮದಂತೆ. ಜೋರು ಚಪ್ಪಾಳೆ. ಇದನ್ನು ಹೇಗೆ ಸಾಧಿಸಿದಿರಿ ಎಂದು ಕೇಳಿದ್ದಕ್ಕೆ ನಾನು ಯೋಜನೆ, ಶಿಸ್ತು, ದೂರದೃಷ್ಟಿ ಎಂದು ಅರ್ಧ ಗಂಟೆ ಭಾಷಣ ಮಾಡಿದೆ. ಹಗಲಿಡೀ ಆ ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ.