ಖಂಡೇನವಮಿಯಂದು ತಾನೇ ಹೊರಟ ಟ್ರಕ್ಕಿನ ಕುರಿತು

‘ಗಿರಿಚಕ್ರ ಆಟದ ವಾಹನಗಳು’ ಎಂಬ ಅಂಗಡಿಯ ಜಾಲತಾಣದಲ್ಲಿ, ಬಲಗಡೆಯ ಮೂಲೆಯಲ್ಲಿ ಹಗಲಿರುಳೂ ನಗುತ್ತ ಕುಳಿತಿರುವ ಸಲಹಾಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಮೂಲತಃ ಧಾರವಾಡದವನೂ, ವಿಮಾ ಕಚೇರಿಯ ನೌಕರಿಯ ನಿಮಿತ್ತ ಮ್ಹಾಪಸಾದಲ್ಲಿ ನೆಲೆಸಿದವನೂ ಆದ ದಿಗಂಬರನೆಂಬ ತಮ್ಮ ಗ್ರಾಹಕನು ಮಾಡುವ ಅನೇಕ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ, ಟ್ರಕ್ಕೊಂದನ್ನು ಬಿಟ್ಟು. ತಾವು ಯಂತ್ರವಾದ್ದರಿಂದ ತಮ್ಮ ಕ್ಷೇಮ ಕೇಳುವ ಕಾರಣವಿಲ್ಲ, ಆದರೂ ನಮ್ಮ ಕಡೆಯವರಿಗೆ ಕೇಳದೆ ಇರಲು ಬರುವುದಿಲ್ಲ.

ನನ್ನ ಮಗಳು ಸುಮೇಧಾ ಬಯಸಿದ್ದು ತೀರ ಸಣ್ಣದು. ನಮ್ಮ ಮನೆ ಗುಡ್ಡದ ಮೇಲಿದೆ, ಅಂಗಳದಿಂದ ಇಳಿಯುವ ಹಾದಿಯ ಕೆಳತುದಿಗೆ ಗೋಡೆ ಕಟ್ಟುವ ಗವಂಡಿ ಸಂಗಣ್ಣನ ಮನೆಯಿದೆ. ಅವನ ಮಗಳು ಅಂಬಿಕಾ, ಸುಮೇಧಾಳ ಜೀವದ ಗೆಳತಿ, ಚೌತಿಯಲ್ಲಿ ಗಣಪತಿಯ ಮೇಲೆ ಕಟ್ಟುವ ಮಾಟೋಳಿಗೆಂದು ಕಾಡುಕಾಯಿ ಕೀಳಲು ಗೋಡೆ ಹತ್ತಿ, ಬಿದ್ದು, ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಹೊರಸಿನ ಮೇಲೆ ಕುಳಿತಿದ್ದಳು. ರಿಮೋಟಿನಿಂದ ನಡೆಯುವ ಒಂದು ಟ್ರಕ್ಕಿದ್ದರೆ ಮೇಲಿಂದ ಇವಳು ಶೇಂಗಾ ಉಂಡಿ ಕಳಿಸುವುದು, ಆಮೇಲೆ ರಿಮೋಟನ್ನು ಅವಳ ಕೈಗೆ ಕೊಟ್ಟು ಊರೆಲ್ಲ ಸುತ್ತಾಡಿಸುವುದು, ಓಡಾಡಲಾರದವಳ ಕೈಯಲ್ಲಿ ಓಡಾಡುವುದೊಂದು ಇರಲಿ ಎಂಬುದಷ್ಟೇ ಅವಳ ಆಸೆ. ಅದೂ ಪ್ಲಾಸ್ಟರು ಬಿಚ್ಚುವುದರೊಳಗೆ.

“ಶುಕ್ರವಾರದ ಸಂತ್ಯಾಗ ಆಟಗಿ ಟ್ರಕ್ ಸಿಗ್ತಾವಲ್ಲೋ” ಎಂದು ನನ್ನ ತಾಯಿ ಸರಸ್ವತಿಬಾಯಿ ಅಂದಳು. ಓದಿದವನಾದ ನಾನು ನಕ್ಕು ತಮ್ಮ ಬಳಿಗೆ ಬಂದೆ.

ತಮ್ಮ ಸೌಜನ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮಗುವಿನ ವಯಸ್ಸು ಕೇಳಿದಿರಿ, ನೆಲ ಹೇಗಿದೆಯೆಂದು ಕೇಳಿದಿರಿ, ನನ್ನ ಹೆಂಡತಿಯೂ ಎಂದೂ ಕೇಳದಷ್ಟು ಕಳಕಳಿಯಿಂದ ನನ್ನ ‘ಅನುಭವದ ಮಟ್ಟ’ ಕೇಳಿದಿರಿ. ‘ಆರಂಭಿಕರಿಗೆ’ ಎಂದು ಬರೆದಿದ್ದ, ಬಿಡಿಭಾಗಗಳನ್ನು ನಾವೇ ಜೋಡಿಸಿಕೊಳ್ಳುವ, ಹಳದಿ ಮುಖದ ಟ್ರಕ್ಕೊಂದನ್ನು ತೋರಿಸಿದಿರಿ. ಅದು ಬಂತು, ಜೋಡಿಸಿದೆ, ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಚಲೋ ಓಡಿತು. ಸುಮೇಧಾ ಚಪ್ಪಾಳೆ ತಟ್ಟಿ ಕೈ ಚಾಚಿದಳು. ಅಷ್ಟರಲ್ಲಿ ತಾವು ನನ್ನ ಫೋನಿನಲ್ಲಿ ಮೆಲ್ಲಗೆ ಕೆಮ್ಮಿದಿರಿ: ಇಳಿಜಾರಿನ ನೆಲಕ್ಕೆ ಪ್ಲಾಸ್ಟಿಕ್ ಗಿಯರು ತಾಳಲಾರದು, ಲೋಹದ ಗಿಯರನ್ನು ಪರಿಶೀಲಿಸಿ.

ಪರಿಶೀಲಿಸಿದೆ. ಲೋಹದ ಗಿಯರು ಬಂದ ಮೇಲೆ ಅದನ್ನು ತಿರುಗಿಸಲು ಹಳೆಯ ಮೋಟಾರಿಗೆ ತ್ರಾಣ ಸಾಲದೆಂದು ತಿಳಿಸಿದಿರಿ. ಹೊಸ ಮೋಟಾರಿನ ಹಸಿವಿಗೆ ಹಳೆಯ ಬ್ಯಾಟರಿ ಸಾಲದು, ಹೊಸ ಬ್ಯಾಟರಿಯ ಜೋರಿಗೆ ಹಳೆಯ ವೇಗನಿಯಂತ್ರಕ ಸುಟ್ಟೀತು, ಇವೆಲ್ಲದರ ಭಾರಕ್ಕೆ ಹಳೆಯ ಸ್ಪ್ರಿಂಗು ಕುಸಿದೀತು, ಗಾಲಿ ಸವೆದೀತು, ಅಡಿಚೌಕಟ್ಟು ಬಾಗೀತು. ಇಷ್ಟೆಲ್ಲ ಗಾಂಭೀರ್ಯ ಬಂದ ವಾಹನಕ್ಕೆ ಹಳೆಯ ರಿಮೋಟು ಶೋಭಿಸುವುದಿಲ್ಲ. ಕೊನೆಗೆ ಆ ಹಳದಿ ಮುಖವೂ ಉಳಿಯಲಿಲ್ಲ, ಗಾಳಿಕಿಂಡಿಗಳುಳ್ಳ ಕಪ್ಪು ಮುಖ ಬಂತು. ನಮ್ಮಲ್ಲಿ ಮಗಳಿಗೆ ವರ ನೋಡುವಾಗಲೂ ಇಷ್ಟು ದೋಷ ಹುಡುಕುವುದಿಲ್ಲ.

“ಅಪ್ಪಾ, ಇವತ್ತರ ನಡಸ್ಲೇನು?” ಎಂದು ಸುಮೇಧಾ ದಿನಾ ಕೇಳುವಳು. “ತಡಿಯವ್ವಾ, ಸ್ಪ್ರಿಂಗ್ ಬರೋದದ” ಎಂದು ನಾನು ದಿನಾ ಹೇಳುವೆ. ಕ್ರಮೇಣ ಅವಳು ಹಾಗೆ ಕೇಳುವುದನ್ನೇ ಬಿಟ್ಟಳು. ಬದಲಿಗೆ, ಬಿಚ್ಚಿದ ಹಳೆಯ ಭಾಗ ಕಂಡರೆ “ಇದು ಬ್ಯಾಡೇನು ನಿನಗ?” ಎನ್ನುವಳು. ಉಪಯೋಗವಿಲ್ಲದ್ದು, ತಗೋ, ಆಡು ಎಂದು ಉದಾರನಾಗಿ ಕೊಡುತ್ತಿದ್ದೆ. ಅವಳು ಅದನ್ನು ಬಿಸ್ಕೀಟಿನ ಡಬ್ಬಿಯಲ್ಲಿಟ್ಟುಕೊಂಡು ಕೆಳಗೆ ಅಂಬಿಕಾಳ ಮನೆಗೆ ಓಡುವಳು. ಮಗು ಎಷ್ಟು ತಾಳ್ಮೆಯದು ಎಂದು ನನಗೆ ಹೆಮ್ಮೆಯಾಯಿತು.

ಇಷ್ಟರಲ್ಲಿ ನವರಾತ್ರಿ ಬಂತು, ಅಂಬಿಕಾಳ ಪ್ಲಾಸ್ಟರನ್ನೂ ಬಿಚ್ಚಿದರು. ಈ ಸಂದರ್ಭದಲ್ಲಿ ತಮ್ಮಲ್ಲೊಂದು ವಿನಂತಿ: ಮುಂದೆ ಯಾವುದೇ ಮಗುವಿನ ಮೂಳೆ ಮುರಿದಲ್ಲಿ, ಕಡೆಯ ಪಾರ್ಸೆಲು ಮನೆ ತಲುಪುವ ತನಕ ಕೂಡಿಕೊಳ್ಳಬಾರದೆಂದು ಆ ಮೂಳೆಗೆ ತಾವೇ ಒಂದು ಸೂಚನೆ ಕಳಿಸಬೇಕು.

ಇನ್ನು ಖಂಡೇನವಮಿಯ ವಿಷಯ. ಆ ದಿನ ನಮ್ಮಲ್ಲಿ ವಾಹನಗಳನ್ನು ತೊಳೆದು, ಹಾರ ಹಾಕಿ, ಗಾಲಿಯಡಿ ನಿಂಬೆಹಣ್ಣಿಟ್ಟು, ಕಾಯಿ ಒಡೆದು ಪೂಜಿಸುವ ಪದ್ಧತಿಯುಂಟು. ಸ್ಕೂಟರಿನ ಪೂಜೆ ಮುಗಿದೊಡನೆ ನನ್ನ ತಾಯಿ, “ವಾಹನ ಅಂದಮ್ಯಾಲೆ ಸಣ್ಣದಿದ್ರೇನು, ಅದಕ್ಕೂ ಆಗಬೇಕಪಾ” ಎಂದಳು. ತಮ್ಮ ಸಲಹೆಯಂತೆ ಬ್ಯಾಟರಿ ತುಂಬಿಸಿ, ಸ್ವಿಚ್ಚು ಹಾಕಿ, ಅಂದೇ ಉದ್ಘಾಟನೆಯಾಗಲೆಂದು ಟ್ರಕ್ಕನ್ನು ತುಳಸಿಕಟ್ಟೆಯ ಮುಂದೆ ನಿಲ್ಲಿಸಿದ್ದೆ. ಸಂತೆಯಿಂದ ತಂದ ಚೆಂಡುಹೂವಿನ ಹಾರ ಹಾಕಿದೆ. ನಿಂಬೆಹಣ್ಣು ಇಟ್ಟೆ. ತಾಯಿ ಕಾಯಿ ಒಡೆದು ನೀರನ್ನು ಭಕ್ತಿಯಿಂದ ಅದರ ನೆತ್ತಿಯ ಮೇಲೆ ಸುರಿದು, ಕಾಯಿಹೋಳನ್ನು ಅದರ ಬೆನ್ನ ಮೇಲಿಟ್ಟಳು. ತಾವು ಅಷ್ಟು ಪ್ರೀತಿಯಿಂದ ಕೊಡಿಸಿದ ಗಾಳಿಕಿಂಡಿಗಳು ಆ ನೀರನ್ನು ಒಂದು ಹನಿಯೂ ಪೋಲಾಗದಂತೆ ಒಳಗೆ ಕರೆದುಕೊಂಡವು.

ಟ್ರಕ್ಕು ಮೊದಲು ನಡುಗಿತು. ಮೈಮೇಲೆ ದೇವರು ಬಂತೆಂದು ತಾಯಿ ಕೈ ಮುಗಿದಳು. ಮರುಕ್ಷಣ ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿ, ಹಾರ ಹಾಕಿಕೊಂಡು, ಕಾಯಿಹೋಳು ಹೊತ್ತುಕೊಂಡು ಅದು ಗೇಟು ದಾಟಿ ಇಳಿಜಾರಿನಲ್ಲಿ ಹೊರಟೇಬಿಟ್ಟಿತು. ನಾನು ಮಡಿಪಂಚೆ ಎತ್ತಿಹಿಡಿದು, ಆ ದುಬಾರಿ ರಿಮೋಟಿನ ಎಲ್ಲ ಗುಂಡಿಗಳನ್ನೂ ಒತ್ತುತ್ತ ಹಿಂದೆ ಓಡಿದೆ. ತಮ್ಮ ವಿವರಣೆಯಲ್ಲಿ ‘ಅಡೆತಡೆಗಳಿಗೆ ಜಗ್ಗದು’ ಎಂದಿತ್ತು, ಅದು ಅಕ್ಷರಶಃ ಸತ್ಯವೆಂದು ಇಲ್ಲಿ ಪ್ರಮಾಣೀಕರಿಸುತ್ತೇನೆ. ಅದು ಸೀದಾ ಸಂಗಣ್ಣನ ಅಂಗಳಕ್ಕೆ ನುಗ್ಗಿ, ಹೊರಸಿನ ಕಾಲಿಗೆ ಬಡಿದು, ಹೊಗೆ ಬಿಟ್ಟು ಶಾಂತವಾಯಿತು.

“ಸಾಹೇಬ್ರ, ನಿಮ್ಮ ಗಾಡಿ ಹಾರ ಹಾಕ್ಕೊಂಡ ತಾನ ಬಂತ್ರಿ” ಎಂದ ಸಂಗಣ್ಣ, ಹಬ್ಬಕ್ಕೆ ನೆಂಟರು ಬಂದ ಸುದ್ದಿ ಹೇಳುವವನಂತೆ.

ಮಾನ್ಯರೇ, ಅಲ್ಲಿ ನಾನು ಕಂಡದ್ದನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ. ಹೊರಸಿನ ಬದಿಗೆ ಇನ್ನೊಂದು ಟ್ರಕ್ಕು ನಿಂತಿತ್ತು. ಹಳದಿ ಮುಖ, ಪ್ಲಾಸ್ಟಿಕ್ ಗಿಯರು, ತ್ರಾಣವಿಲ್ಲದ ಮೋಟಾರು, ತಾವೂ ನಾನೂ ಒಂದೊಂದಾಗಿ ತಿರಸ್ಕರಿಸಿದ ಅಷ್ಟೂ ಭಾಗಗಳು, ಒಂದೂ ಬಿಡದೆ. ಹೊರಸಿನಲ್ಲಿ ಕುಳಿತ ಅಂಬಿಕಾ ಸ್ಕ್ರೂ ತಿರುವುತ್ತ, ಸುಮೇಧಾ ಹಿಡಿದುಕೊಡುತ್ತ, ಇಬ್ಬರೂ ಅದನ್ನು ಕಟ್ಟಿದ್ದರು. ಅದರ ಬೆನ್ನ ಮೇಲೆ ಶೇಂಗಾ ಉಂಡಿಯ ಡಬ್ಬಿಯಿತ್ತು.

“ಇದು ಏರಿ ಹತ್ತತದೇನು?” ಎಂದೆ, ತಮ್ಮ ಎಚ್ಚರಿಕೆ ನೆನಪಿದ್ದುದರಿಂದ.

“ಸಾವಕಾಶ ಹತ್ತತೈತ್ರಿ ಕಾಕಾ, ಮುಖ ಹಚ್ಚೂಕಿಂತ ಮೊದ್ಲ, ಪ್ಲಾಸ್ಟರ್ ಇದ್ದಾಗಿಂದ ದಿನಾ ನಿಮ್ಮ ಗೇಟಿನತನಾ ಬರಾಕತ್ತೈತಿ” ಎಂದಳು ಅಂಬಿಕಾ. ನನ್ನ ಮಗಳು ನೆಲ ನೋಡುತ್ತ, “ನಿನಗ ಹೇಳಿದ್ರ ಇದನ್ನೂ ಚಲೋ ಮಾಡ್ತಿದ್ದಿ ಅಪ್ಪಾ” ಎಂದಳು. ನನಗೆ ಬಹಳ ನೋವಾಯಿತು, ಏಕೆಂದರೆ ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ.

ನಾನು ನನ್ನ ಟ್ರಕ್ಕನ್ನು ಜ್ವರ ಬಂದ ಕೂಸಿನಂತೆ ಎತ್ತಿಕೊಂಡು ಏರಿ ಹತ್ತಿದೆ. ಮಕ್ಕಳು ಕಾಯಿಹೋಳನ್ನು ಹಳದಿ ಟ್ರಕ್ಕಿಗೆ ಹೇರಿದರು, ಅದು ಸಾವಕಾಶವಾಗಿ ನನ್ನ ಮುಂದೆ ಹೋಯಿತು. ರಿಮೋಟು ಅಂಬಿಕಾಳ ಕೈಯಲ್ಲಿತ್ತು, ಅವಳು ಕುಂಟುತ್ತ ಅದರ ಹಿಂದೆಯೇ ಬಂದಳು.

ಆದ್ದರಿಂದ, ತಮ್ಮ ಜಾಲತಾಣದಲ್ಲಿ ‘ಆರಂಭಿಕರಿಗೆ’ ಎಂಬುದರ ಪಕ್ಕದಲ್ಲಿ ‘ತಂದೆಯ ಕೈಗೆ ಸಿಗದಂತೆ ಇಡುವುದು’ ಎಂದು ಕೆಂಪಕ್ಷರದಲ್ಲಿ ಬರೆಸಬೇಕೆಂದೂ, ಸಾಧ್ಯವಾದರೆ ತಾವೇ ಖುದ್ದಾಗಿ ಮ್ಹಾಪಸಾಕ್ಕೆ ದಯಮಾಡಿಸಿ ನನ್ನ ತಾಯಿಗೆ ಗಾಳಿಕಿಂಡಿಯ ಪ್ರಯೋಜನವನ್ನು ವಿವರಿಸಬೇಕೆಂದೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಕಾಯಿ ಒಡೆಯುವ ಸಮಯಕ್ಕೆ ಬಂದರೆ ತಮಗೂ ಪೂಜೆಯಾದೀತು.

ಇಷ್ಟಾದರೂ ತಮ್ಮ ಸಲಹೆಗೆ ಕಿವಿ ತೆರೆದೇ ಇರುವ,
ತಮ್ಮ ವಿಶ್ವಾಸಿ,
ದಿಗಂಬರ
ಮ್ಹಾಪಸಾ, ಗೋವಾ

ವಿ.ಸೂ.: ಈ ಪತ್ರದ ನಡುವೆಯೇ ತಾವು ಜಲನಿರೋಧಕ ಕವಚವೊಂದನ್ನು ತೋರಿಸಿದ್ದೀರಿ, ಕೃತಜ್ಞ. ಹಳದಿ ಟ್ರಕ್ಕು ಸುಮೇಧಾಳದಾದ್ದರಿಂದ ಅಂಬಿಕಾಳಿಗೂ ಒಂದು ಟ್ರಕ್ಕು ಬೇಕಾಗಿದೆ, ಇಬ್ಬರೂ ಸೇರಿ ಬಿಸ್ಕೀಟಿನ ಡಬ್ಬಿಯನ್ನು ಖಾಲಿ ಮಾಡಿ ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ. ಕಾರಣ, ನನ್ನ ಟ್ರಕ್ಕಿನಲ್ಲಿ ಯಾವ ಭಾಗವೂ ಸರಿಯಿಲ್ಲವೆಂದು ದಯವಿಟ್ಟು ಆದಷ್ಟು ಬೇಗ ತಿಳಿಸುವುದು. ಕಾಯಿನೀರು ಹೋಗದ ಭಾಗಗಳಿಂದ ಆರಂಭಿಸಿದರೆ ಮಕ್ಕಳಿಗೆ ಅನುಕೂಲ.