ಎಂಬತ್ತನೇ ನಂಬರಿನ ಬಾಗಿಲು

ಕಂಪ್ಯೂಟರು ಕೇಳುವ ಯಾವ ಪ್ರಶ್ನೆಯನ್ನೂ ಪೂರ್ತಿ ಓದುವ ಜಾಯಮಾನ ಈ ಕಥೆಯ ಯಜಮಾನರದಲ್ಲ. ಪರದೆಯ ಮೇಲೆ ಏನೇ ಮೂಡಲಿ, ‘ಸರಿ’ ಎಂಬ ಗುಂಡಿ ಒತ್ತಿಬಿಡುವುದು ಅವರ ಹನ್ನೊಂದು ವರ್ಷದ ಅಭ್ಯಾಸ. (ಮದುವೆಯಾಗಿಯೂ ಹನ್ನೊಂದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ ಎಂದು ಅವರು ಆಣೆ ಮಾಡಿ ಹೇಳುತ್ತಾರೆ.) ಶನಿವಾರ ಸಂಜೆ ಕಂಪ್ಯೂಟರಿಗೆ ಹೊಸ ಆವೃತ್ತಿ ಹಾಕುವಾಗಲೂ ಅಷ್ಟೇ. ಹದಿನಾಲ್ಕು ಪ್ರಶ್ನೆಗಳಿಗೆ ಹದಿನಾಲ್ಕು ‘ಸರಿ’ ಒತ್ತಿ, ರಾಜ್ಯ ಗೆದ್ದವರ ಗತ್ತಿನಲ್ಲಿ ಎದ್ದರು.

ಭಾನುವಾರ ಬೆಳಗ್ಗೆ ನೋಡಿದರೆ ಅನಾಹುತ! ಯಜಮಾನರದು ಮನೆಯಲ್ಲೇ ಕೂತು ವೆಬ್‌ಸೈಟು ಮಾಡಿಕೊಡುವ ಕಸುಬು. ಸೈಟು ಲೋಕದ ಕಣ್ಣಿಗೆ ಬೀಳುವ ಮೊದಲು ತಮ್ಮ ಕಂಪ್ಯೂಟರಿನಲ್ಲೇ ನಡೆಸಿ ನೋಡಲು ಸರ್ವರ್ ಎಂಬ ಒಂದು ಪುಟ್ಟ ತಂತ್ರಾಂಶ ಇಟ್ಟುಕೊಂಡಿದ್ದರು. ಈಗ ಅದು ಜಪ್ಪಯ್ಯ ಅಂದರೂ ಏಳಲೊಲ್ಲದು. ಪರದೆಯ ಮೇಲೆ ಹಸಿರು ದೀಪ ಮಿನುಗುತ್ತದೆ, ಕೆಂಪಾಗುತ್ತದೆ, ಕೆಳಗೊಂದು ಸಾಲು ಮೂಡುತ್ತದೆ. ಯಜಮಾನರು ‘ಸರಿ’ ಒತ್ತುತ್ತಾರೆ. ಸಾಲು ಮಾಯ.

ಹನ್ನೊಂದು ಗಂಟೆಗೆ ಹಲ್ಲಿನ ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿನ ಸೈಟು ನೋಡಲು ಮನೆಗೇ ಬರುವವರಿದ್ದರು. ಆ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಸಮಯ ಗೊತ್ತುಮಾಡುವ ಕೆಲಸ ಯಜಮಾನರ ಹೆಂಡತಿಯದು. “ನಮ್ಮನೆಯವರೇ ಮಾಡ್ಕೊಡ್ತಾರೆ ಮೇಡಂ” ಎಂದು ಮಾತು ಕೊಟ್ಟವಳೂ ಅವಳೇ. ಇವತ್ತು ಸೈಟು ಕಾಣದಿದ್ದರೆ ಕೆಲಸ ಬೇರೆಯವರ ಪಾಲು, ನಾಳೆಯಿಂದ ಅವಳು ಆ ಕ್ಲಿನಿಕ್ಕಿನಲ್ಲಿ ಮುಖ ತೋರಿಸುವುದು ಹೇಗೆ?

“ಆಯ್ತೇನ್ರೀ?”

“ಆಗ್ತಾ ಇದೆ. ಹೊಸ ಆವೃತ್ತಿದೇ ತಪ್ಪು. ಸರ್ವರ್ ಕಿತ್ತು ಮತ್ತೆ ಹಾಕ್ತಿದ್ದೀನಿ.”

“ಎಷ್ಟನೇ ಸಲ?”

“ಲೆಕ್ಕ ಇಡೋ ಹೊತ್ತಾ ಇದು?”

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಬೆನ್ನ ಹಿಂದೆ ನಿಂತಳು. ಕೆಂಪು ಸಾಲು ಮೂಡಿತು. ಯಜಮಾನರ ಬೆರಳು ‘ಸರಿ’ಯತ್ತ ಹೊರಟಿತು.

“ತಡೀರಿ! ಏನೋ ಬರೆದಿದೆಯಲ್ಲ.”

“ಅದು ಸುಮ್ನೆ ಬರೆಯುತ್ತೆ ಕಣೇ.”

“‘ಎಂಬತ್ತನೇ ನಂಬರ್ ಈಗಾಗಲೇ ಬಳಕೆಯಲ್ಲಿದೆ’ ಅಂತಿದೆ. ಏನ್ರೀ ಅದು ಎಂಬತ್ತು?”

“ಸರ್ವರ್ ಮಾತಾಡೋ ಬಾಗಿಲು ಅಂತ ಇಟ್ಕೋ. ನಿನಗದು ಅರ್ಥ ಆಗಲ್ಲ ಬಿಡು.”

“ಯಾಕೆ ಅರ್ಥ ಆಗಲ್ಲ? ಆ ಬಾಗಿಲಲ್ಲಿ ಆಗಲೇ ಯಾರೋ ಕೂತಿದ್ದಾರೆ. ನೀವು ಇನ್ನೊಬ್ಬರನ್ನ ಅಲ್ಲಿಗೇ ತಳ್ತಾ ಇದ್ದೀರಿ. ಕ್ಲಿನಿಕ್ಕಲ್ಲಿ ಒಂದೇ ಹೊತ್ತಿಗೆ ಇಬ್ಬರು ಬಂದ್ರೆ ನಾನೇನು ಕಟ್ಟಡ ಕೆಡವಿ ಮತ್ತೆ ಕಟ್ತೀನಾ? ಒಬ್ಬರಿಗೆ ಬೇರೆ ಸಮಯ ಕೊಡ್ತೀನಿ.”

ಯಜಮಾನರು ಮಗುವಿನ ಮಾತು ಕೇಳಿದವರಂತೆ ನಕ್ಕರು. (ನಿನ್ನೆಯ ಹದಿನಾಲ್ಕು ಪ್ರಶ್ನೆಗಳಲ್ಲಿ ಒಂಬತ್ತನೆಯದು, ‘ನನ್ನದೇ ಒಂದು ಸರ್ವರ್ ಇದೆ, ಕಂಪ್ಯೂಟರು ಎದ್ದ ಕೂಡಲೇ ಅದನ್ನೂ ಎಬ್ಬಿಸಿ ಎಂಬತ್ತರಲ್ಲಿ ಕೂರಿಸಲೇ?’ ಎಂದಿತ್ತು. ಉತ್ತರ ನಿಮಗೆ ಗೊತ್ತೇ ಇದೆ.)

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಹತ್ತೂವರೆಗೇ ಡಾಕ್ಟರಮ್ಮ! ಯಜಮಾನರು “ಏನಾದ್ರೂ ಮಾತಾಡ್ತಾ ಕೂರಿಸು” ಎಂದು ಪಿಸುಗುಟ್ಟಿ, ಫೋನು ಹಿಡಿದು ಮಲಗುವ ಕೋಣೆಗೆ ಓಡಿ ಅಗಳಿ ಹಾಕಿಕೊಂಡರು. ಇದೇ ಕಸುಬಿನ ಗೆಳೆಯ, “ಆಫ್ ಮಾಡಿ ಆನ್ ಮಾಡಿದ್ಯಾ?” ಎಂಬ ದಿವ್ಯೋಪದೇಶ ಮಾಡಿದ. ಇನ್ನೊಬ್ಬ ಗೆಳೆಯ ಹೊಸ ಕಂಪ್ಯೂಟರು ಕೊಳ್ಳುವಂತೆ ಹೇಳಿದ. ಮೂರನೆಯವನು ಫೋನೇ ಎತ್ತಲಿಲ್ಲ. ಅವನೇ ವಾಸಿ ಎನಿಸಿತು ಯಜಮಾನರಿಗೆ.

ಕಾಲು ಗಂಟೆಯ ಮೇಲೆ, ಕ್ಷಮೆ ಕೇಳುವ ಭಾಷಣವೊಂದನ್ನು ಬಾಯಿಪಾಠ ಮಾಡಿಕೊಂಡು ಹೊರಬಂದರು. ತಮ್ಮ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಾಳೆ. ಪಕ್ಕದಲ್ಲಿ ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನಿಂತಿದ್ದಾರೆ. ಪರದೆಯ ಮೇಲೆ ಕ್ಲಿನಿಕ್ಕಿನ ಸೈಟು, ಬೆಳ್ಳಗೆ ಹಲ್ಲು ಬಿಟ್ಟು ನಗುತ್ತಿದೆ!

“ಇದು... ಇದು ಹೇಗೆ ಬಂತು?”

“ಸರ್ವರ್ ಸೆಟ್ಟಿಂಗಲ್ಲಿ ಎಂಬತ್ತು ಇದ್ದ ಕಡೆ ಎಂಬತ್ತೊಂದು ಅಂತ ಬರೆದೆ,” ಎಂದಳು ಹೆಂಡತಿ. “ಆ ಬಾಗಿಲು ಖಾಲಿ ಇತ್ತು.”

“ಚೆನ್ನಾಗಿದೆ ರೀ, ಕೆಲಸ ನಿಮ್ಮನೆಗೇ,” ಎಂದರು ಡಾಕ್ಟರಮ್ಮ. ಹೆಂಡತಿಯ ಮುಖ ಅರಳಿತು. ಯಜಮಾನರು ವಿನಯದಿಂದ ಕೈ ಮುಗಿಯುವಷ್ಟರಲ್ಲಿ ಡಾಕ್ಟರಮ್ಮ ಅವರತ್ತ ತಿರುಗಿ ಮುಂದುವರಿಸಿದರು. “ಆದ್ರೆ ಒಂದು ಮಾತು. ಮುಂದೆ ಏನಾದ್ರೂ ಕೆಟ್ರೆ ನಾನು ನಿಮಗೆ ಹೇಳಲ್ಲ, ಇವರಿಗೇ ಹೇಳ್ತೀನಿ. ಇವರು ಹೇಳಿದ ಹಾಗೆ ನೀವು ಮಾಡಿ, ಸಾಕು.”

ಯಜಮಾನರು ಬಾಯಿ ತೆರೆದರು. ತೆರೆದ ಬಾಯಿ ತೆರೆದೇ ಉಳಿಯಿತು. ಡಾಕ್ಟರಮ್ಮ ಒಂದು ಹೆಜ್ಜೆ ಮುಂದೆ ಬಂದು, ಅವರ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು.

“ಹಾಗೇ ಇರಿ, ಮುಚ್ಚಬೇಡಿ. ಒಳಗಿನ ದವಡೆ ಹಲ್ಲು ಪೂರ್ತಿ ಹುಳುಕಾಗಿದೆಯಲ್ರೀ!”

“ಆ...” ಎಂದರು ಯಜಮಾನರು.

ಹೆಂಡತಿ ಆಗಲೇ ಚೀಲದಿಂದ ಡೈರಿ ತೆಗೆದಿದ್ದಳು. “ಬುಧವಾರ ನಾಲ್ಕು ಗಂಟೆ ಖಾಲಿ ಇದೆ ಮೇಡಂ. ತುಂಬೋದಾ, ಕೀಳೋದಾ?”

“ಕೀಳೋದೇ.”

ಅವಳು ಬರೆದುಕೊಂಡಳು.