ಅಣ್ಣನ ಪಾಲಿನ ಇ ಡ್ರೈವ್

ಕೌಸಲ್ಯಾಬಾಯಿ: ಮುಟ್ಟಬಾರದು ಅಂದ್ರ ಏನ್ರಿ? ಅದೇನು ಸರಕಾರಿ ಖಜಾನಿ ಏನು?

ಮಚ್ಛೇಂದ್ರ: ಇ ಡ್ರೈವ್ ಅಣ್ಣಂದು. ಕಂಪ್ಯೂಟರ್ ತಂದ ದಿನಾನೇ ಪಾಲು ಮಾಡ್ಕೊಂಡೀವಿ. ಡಿ ನಂದು, ಇ ಅವಂದು.

ಕೌಸಲ್ಯಾಬಾಯಿ: ಮತ್ತ ನಂದು?

ಮಚ್ಛೇಂದ್ರ: ನಿನಗ ಸಿ ಅದಲ್ಲ.

ಕೌಸಲ್ಯಾಬಾಯಿ: ಸಿ ಒಳಗ ವಿಂಡೋಸ್ ಕಾಲು ಚಾಚಿ ಮಲಗ್ಯದ. ನಾ ಎಲ್ಲಿ ಕೂಡ್ಲಿ? ಈ ಕೆಂಪು ಗೆರಿ ನೋಡ್ರಿ, ಜಾಗಾ ತುಂಬ್ಯದ. ಒಂದು ಪುಟ ಸೇವ್ ಆಗವಲ್ದು!

ಎರಡು ವರ್ಷ ಮಳೆಯಾಗದೆ ಭಾಲ್ಕಿಯ ಆ ಓಣಿಯಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಮಚ್ಛೇಂದ್ರನ ಅಣ್ಣ ಗೋರಖನಾಥನೂ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಪುಣೆಗೆ ಕಟ್ಟಡದ ಗೌಂಡಿ ಕೆಲಸಕ್ಕೆ ಹೋಗಿದ್ದ. ದುಡಿಯಲು ಹೋದವರ ಕೋಣೆಯನ್ನು ಉಳಿದವರು ಬಳಸುವಂತಿಲ್ಲ. ವಾರಕ್ಕೊಮ್ಮೆ ತೆರೆದು ಗುಡಿಸಿ ಮತ್ತೆ ಬೀಗ ಹಾಕಬೇಕು. ಅದು ಓಣಿಯ ಪದ್ಧತಿ. ಮಚ್ಛೇಂದ್ರ ಅದನ್ನು ಕಂಪ್ಯೂಟರಿಗೂ ತಂದ. ಪ್ರತಿ ರವಿವಾರ ಇ ಡ್ರೈವ್ ತೆರೆದು, ಖಾಲಿ ಇರುವುದನ್ನು ಕಣ್ಣಾರೆ ಕಂಡು, ಮುಚ್ಚುತ್ತಿದ್ದ. ಇಂಥ ಬುದ್ಧಿವಂತನ ಜೊತೆ ಬಾಳುವುದು ಹೆಂಡತಿ ಕೌಸಲ್ಯಾಬಾಯಿಗೆ ಸುಲಭವಲ್ಲ.

ಕೌಸಲ್ಯಾಬಾಯಿ: ಬುದ್ಧ ವಿಹಾರದ ಸ್ಮರಣ ಸಂಚಿಕಿ, ಮೂವತ್ತಾರು ಪುಟ ಟೈಪ್ ಮಾಡಿ ಕೊಡಬೇಕು. ಐದು ಗಂಟಿ ಒಳಗ ಬೀದರದ ಪ್ರೆಸ್ಸಿಗಿ ಮುಟ್ಟಬೇಕು. ಇಲ್ಲಾಂದ್ರ ಬ್ಯಾರೆಯವ್ರಿಗಿ ಕೊಡ್ತಾರಂತ. ನನ್ನ ಹೆಸರಿಗಿ ಬಂದ ಮೊದಲನೇ ಕೆಲಸರೀ ಇದು! ನನಗ ಅಳು ಬರ್ತದ.

ಮಚ್ಛೇಂದ್ರ: ಕೆಲಸ ಇವತ್ತ ಬರ್ತದ, ನಾಳಿ ಹೋಗ್ತದ. ಅಣ್ಣ ಬಂದು, ನನ್ನ ಜಾಗಾ ಎಲ್ಲದ ಅಂತ ಕೇಳಿದ್ರ?

ಕೌಸಲ್ಯಾಬಾಯಿ: ಕೇಳ್ಲಿಕ್ಕ ಅಂಥಾ ಜಾಗಾ ಅದ ಅಂತ ಅವ್ರಿಗಿ ಗೊತ್ತಿರಬೇಕಲ್ಲ!

ಕಂಪ್ಯೂಟರ್ ರಿಪೇರಿಯ ಮುಜೀಬೋದ್ದೀನ ಬೀದರದಿಂದ ಬಂದು ತಾಸಾಗಿತ್ತು. ಕರೆಸಿದವಳು ಕೌಸಲ್ಯಾಬಾಯಿ. ಎರಡನೇ ಕಪ್ ಚಹಾ ಮುಗಿಸಿ ಅವನು ಬಾಯಿ ತೆರೆದ.

ಮುಜೀಬೋದ್ದೀನ: ಮಚ್ಛೇಂದ್ರಭಾಯಿ, ನೂರು ಜಿಬಿ ಖಾಲಿ ಬಿದ್ದದ. ಅಣ್ಣಗ ಫೋನ್ ಹಚ್ಚಿ ಕೇಳಿಬಿಡ್ರಿ. ನಾ ಬಸ್ ಹಿಡೀಬೇಕು.

ಫೋನು ಹೋಯಿತು. ಆ ಕಡೆ ಕಾಂಕ್ರೀಟು ಕಲಸುವ ಯಂತ್ರದ ಗದ್ದಲ.

ಗೋರಖನಾಥ: ಇ ಡ್ರೈವಾ? ಅದೇನದೋ?

ಮಚ್ಛೇಂದ್ರ: ನಿನ್ನ ಪಾಲು ಅಣ್ಣಾ! ಒಂದು ಕಸ ಬೀಳದಂಗ ಕಾಯ್ದೀನಿ.

ಗೋರಖನಾಥ: ಹುಚ್ಚಗಿಚ್ಚ ಹಿಡದದೇನು? ಕೌಸಲ್ಯಾಗ ಎಷ್ಟು ಬೇಕೋ ಅಷ್ಟು ಕೊಡು. ಇಡು ಫೋನು, ಇಲ್ಲಿ ಸ್ಲ್ಯಾಬ್ ನಡದದ.

ಮಚ್ಛೇಂದ್ರ ಮುಖ ಒರೆಸಿಕೊಂಡ. ಮರುಕ್ಷಣವೇ ದಾನಶೂರನಾದ.

ಮಚ್ಛೇಂದ್ರ: ತಗೋ, ಎಷ್ಟು ಬೇಕು ತಗೋ. ನಮ್ಮದು ಅಂಥಾ ಮನಿತನ!

ಮುಜೀಬೋದ್ದೀನ ಪರದೆಯ ಮೇಲೆ ಮೂರು ಡ್ರೈವುಗಳ ಚಿತ್ರ ತೆರೆದ. ಒಂದೇ ಸಾಲಿನಲ್ಲಿ ಮೂರು ಡಬ್ಬಿ.

ಮುಜೀಬೋದ್ದೀನ: ಆಗಂಗಿಲ್ಲ ಭಾಭಿ. ಫೈಲ್ ಇ ಒಳಗ ಇಟ್ರೂ ಪುಟ ಮಾಡೋ ಸಾಫ್ಟ್‌ವೇರ್ ಸಿ ಒಳಗೇ ಓಡ್ತದ, ಸಿ ನೇ ದೊಡ್ಡದಾಗಬೇಕು. ಸಿ ಗೆ ತನ್ನ ಪಕ್ಕದ ಜಾಗಾ ಅಷ್ಟೇ ಸೇರ್ತದ. ಇ ಆ ತುದೀಗದ. ನಡುವ ಡಿ ಕುಂತದ.

ಕೌಸಲ್ಯಾಬಾಯಿ: ಡಿ ಯಾರದ್ರಿ?

ಮುಜೀಬೋದ್ದೀನ ಮಚ್ಛೇಂದ್ರನ ಕಡೆ ನೋಡಿದ.

ಮುಜೀಬೋದ್ದೀನ: ಡಿ ಒಳಗಿನ ಸಾಮಾನು ಎಲ್ಲಾ ಇ ಗೆ ಹಾಕಿ, ಡಿ ತಗದುಬಿಟ್ರ ಆ ಜಾಗಾ ಸಿ ಗೆ ಬರ್ತದ. ತಾಸಿನ ಕೆಲಸ.

ಮಚ್ಛೇಂದ್ರ: ಛೇ ಛೇ! ನಾ ಯಾಕ ಅಣ್ಣನ ಜಾಗಾದಾಗ ಬಿಡಾರ ಹೂಡ್ಲಿ? ಡಿ ನಂದು!

ಕೌಸಲ್ಯಾಬಾಯಿ: ಅಣ್ಣ ಒಂದೇ ಮಾತಿಗಿ ಕೊಟ್ರು. ನೀವು ಅವ್ರ ಹೆಸರು ಹೇಳ್ಕೋತ ನಿಮ್ಮದು ಉಳಿಸ್ಕೊಂಡ್ರಿ. ಅಂಥಾದ್ದೇನದ ಅದರಾಗ?

ಮಚ್ಛೇಂದ್ರ: ಸಮಾಜಕ್ಕ ಬೇಕಾದದ್ದದ. ನಿನಗ ತಿಳಿಯಂಗಿಲ್ಲ.

ಸರಿಸುವ ಮೊದಲು ಫೈಲು ತೆರೆಯುತ್ತದೋ ಇಲ್ಲವೋ ನೋಡುವುದು ಮುಜೀಬೋದ್ದೀನನ ರೂಢಿ. ಡಿ ಒಳಗಿನ ಒಂದನ್ನು ಒತ್ತಿದ. ಪರದೆಯ ಮೇಲೆ ಔರಾದಿನ ಮಹಿಳಾ ದಿನಾಚರಣೆಯ ವೇದಿಕೆ. ಕೊರಳಲ್ಲಿ ಹಾರ, ಕೈಯಲ್ಲಿ ಮೈಕು ಹಿಡಿದ ಮಚ್ಛೇಂದ್ರ. ಕೆಳಗಿನ ಪಟ್ಟಿಯಲ್ಲಿ ಅವನವೇ ಅಂಥ ನಲವತ್ತು ಭಾಷಣ.

ಪರದೆಯ ಮಚ್ಛೇಂದ್ರ: ಹೆಣ್ಣುಮಕ್ಕಳು ಮುಂದ ಬರಬೇಕು! ಅವ್ರಿಗಿ ಜಾಗಾ ಬಿಡ್ರಿ! ನಡುವ ಅಡ್ಡ ಕೂಡಬ್ಯಾಡ್ರಿ!

ಚಪ್ಪಾಳೆ ಕೇಳಿಸಿತು. ಕುರ್ಚಿಯ ಮೇಲಿನ ಮಚ್ಛೇಂದ್ರ ವಾಲ್ಯೂಮ್ ಗುಂಡಿಗೆ ಕೈ ಚಾಚಿದ. ಕೌಸಲ್ಯಾಬಾಯಿ ಆ ಕೈಯನ್ನು ಹಿಡಿದು ಪಕ್ಕಕ್ಕಿಟ್ಟಳು.

ಮುಜೀಬೋದ್ದೀನ: ಶುರು ಮಾಡ್ಲೇನ್ರಿ ಭಾಭಿ?

ಕೌಸಲ್ಯಾಬಾಯಿ: ಮಾಡ್ರಿ ಭಾಯಿ. ಭಾಷಣ ಮಾತ್ರ ಬಂದ್ ಮಾಡಬ್ಯಾಡ್ರಿ. ಇವ್ರು ಇವತ್ತೇ ಮೊದಲನೇ ಸಲ ಕೇಳ್ಲಿಕತ್ತಾರ.